ಮೀಸಾ ಕೈದಿಯ ಪಾತ್ರಕ್ಕೆ ಧಾರಾವಾಹಿಯ ನಾಯಕ: ಒಂದು ನಾಟಕ ತಂಡದ ಪ್ರಕರಣ

ನಾಟಕ ಶುರುವಾಗಿ ನಾಲ್ಕನೇ ನಿಮಿಷಕ್ಕೆ ಬಾಗಿಲು ಬಡಿಯುತ್ತಾರೆ. 1976ರ ಮೇ ತಿಂಗಳ ರಾತ್ರಿ, ಮಧ್ಯ ಕರ್ನಾಟಕದ ಒಂದು ಊರು. ಹೆಗಲ ಮೇಲೊಂದು ಟವೆಲ್, ಕೈಯಲ್ಲಿ ಕನ್ನಡಕ, ಹೈಸ್ಕೂಲ್ ಮೇಷ್ಟ್ರು ಹೊರಗೆ ಬರುತ್ತಾರೆ. ಮಫ್ತಿಯಲ್ಲಿರುವ ಇಬ್ಬರು, "ಸ್ಟೇಷನ್ ತನಕ ಬಂದು ಹೋಗಿ ಸಾರ್, ಐದು ನಿಮಿಷದ ಕೆಲಸ" ಅನ್ನಬೇಕು.

ಅವತ್ತು ಅನ್ನಲು ಆಗಲಿಲ್ಲ. ಮೇಷ್ಟ್ರ ಮುಖಕ್ಕೆ ಬೆಳಕು ಬಿದ್ದದ್ದೇ ತಡ, ಬಾಲ್ಕನಿಯಿಂದ ಶಿಳ್ಳೆ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಧಾರಾವಾಹಿಯಲ್ಲಿ ಅವನಿಗಿರುವ ಹೆಸರು ಹಿಡಿದು ಕೂಗಿದರು. ಸಭಾಂಗಣದ ತುಂಬ ಮೊಬೈಲುಗಳು ಮೇಲೆದ್ದವು. ಪೊಲೀಸ್ ಪಾತ್ರದ ಹುಡುಗ ಮೊದಲು ಕಾದ, ಆಮೇಲೆ ಮಾತು ಮರೆತ, ಕೊನೆಗೆ ಮೆಲ್ಲಗೆ ನಕ್ಕುಬಿಟ್ಟ. ಮೀಸಾ ಪೊಲೀಸು ನಕ್ಕ ಮೇಲೆ ಭಯಪಡುವುದಕ್ಕೆ ಏನುಳಿಯಿತು?

ಹಿನ್ನೆಲೆ

ಊರು, ತಂಡ, ನಾಟಕದ ಹೆಸರು ಇಲ್ಲಿ ಬೇಡ. ಗುರುತು ಹತ್ತದಿರಲೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಆ ತಂಡದಲ್ಲಿ ನಾನು ರಂಗನಿರ್ವಹಣೆ ನೋಡಿಕೊಳ್ಳುವವನು. ಪ್ರಾಪರ್ಟಿ, ವ್ಯಾನು, ಕಾಫಿ, ಲೆಕ್ಕದ ಪುಸ್ತಕ ಎಲ್ಲ ನನ್ನ ತಲೆಗೆ. ವಿಂಗ್‌ನಲ್ಲಿ ನಿಂತವನಿಗೆ ನಾಟಕ ಅರ್ಧಂಬರ್ಧ ಕಾಣುತ್ತದೆ, ನೋಡಲು ಬಂದವರು ಮಾತ್ರ ಪೂರ್ತಿ ಕಾಣುತ್ತಾರೆ. ಈ ಬರಹ ಆ ಜಾಗದಿಂದ ಕಂಡದ್ದು.

ಕಥೆ ಇಷ್ಟು. ಮೇಷ್ಟ್ರ ಮನೆಯಲ್ಲಿ ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳಿವೆ ಎಂಬ ಗುಮಾನಿ. ಒಂದು ರಾತ್ರಿ ಕರೆದೊಯ್ಯುತ್ತಾರೆ. ಯಾಕೆ ಎಂದು ಹೇಳುವುದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದ ನಾಲ್ಕೇ ದಿನಕ್ಕೆ ಸುಗ್ರೀವಾಜ್ಞೆಯ ಮೂಲಕ ಮೀಸಾಗೆ, ಅಂದರೆ ವಿಚಾರಣೆಯಿಲ್ಲದೆ ಒಳಗಿಡಲು ಬಿಡುವ ಆಂತರಿಕ ಭದ್ರತಾ ಕಾಯ್ದೆಗೆ, ತಿದ್ದುಪಡಿ ತಂದು, ಬಂಧಿತನಿಗೆ ಕಾರಣ ತಿಳಿಸುವ ಹೊಣೆಯನ್ನು ತೆಗೆದುಹಾಕಲಾಗಿತ್ತು. ಜಿಲ್ಲಾಧಿಕಾರಿಯ ಒಂದು ಸಹಿ ಸಾಕು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಷಾ ಆಯೋಗದ ಲೆಕ್ಕದ ಪ್ರಕಾರ ಆ 21 ತಿಂಗಳಲ್ಲಿ ಬರೀ ಮೀಸಾದಡಿ ಒಳಗೆ ಹೋದವರು 34,988 ಜನ. ಇಂಥವರು ಹೈಕೋರ್ಟಿಗೂ ಹೋಗುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಎಚ್.ಆರ್. ಖನ್ನಾ ಒಬ್ಬರದೇ ಭಿನ್ನಮತ. ನಮ್ಮ ನಾಟಕ ಈ ತೀರ್ಪು ಬಂದ ವಾರದಲ್ಲೇ ಶುರುವಾಗುತ್ತದೆ.

ಮೂರನೇ ದೃಶ್ಯದ ಹೊತ್ತಿಗೆ ಮೇಷ್ಟ್ರು ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿರುತ್ತಾರೆ. ಅಲ್ಲಿಂದ ರಂಗ ಅವರ ಹೆಂಡತಿಯದು. ಜಿಲ್ಲಾಧಿಕಾರಿ ಕಚೇರಿಯ ವರಾಂಡದಲ್ಲಿ ಕಾಯುವುದು, ರೇಷನ್ ಅಂಗಡಿಯವನು ಮಾತು ಬಿಡುವುದು, ಮಗಳಿಗೆ ಶಾಲೆಯಲ್ಲಿ ಬೇರೆ ಬೆಂಚು. ಆಕೆಯ ತಮ್ಮ ಅದೇ ಕಚೇರಿಯಲ್ಲಿ ಟೈಪಿಸ್ಟ್. ಭಾವನ ಬಂಧನದ ಆದೇಶ ಟೈಪ್ ಮಾಡಿದವನು ತಾನೇ ಎಂಬುದನ್ನು ಅಕ್ಕನಿಗೆ ಹೇಳದೆ ದಿನಾ ಟಿಫಿನ್ ಕ್ಯಾರಿಯರ್ ಹಿಡಿದು ಮನೆಗೆ ಬರುತ್ತಿರುತ್ತಾನೆ. ನಡುವೆ ಎರಡು ಜೈಲಿನ ದೃಶ್ಯ. ಇಂದಿರಾ ಗಾಂಧಿಯವರ ಪಾತ್ರಕ್ಕೆ ನಾವು ಯಾರನ್ನೂ ಹಾಕಲಿಲ್ಲ. 1975ರ ಜೂನ್ 26ರ ಬೆಳಿಗ್ಗೆ ಆಕಾಶವಾಣಿಯಲ್ಲಿ ಬಂದ ಅವರ ಭಾಷಣದ ಧ್ವನಿಯೇ ರಂಗದ ಮೇಲಿನ ಮರ್ಫಿ ರೇಡಿಯೋದಿಂದ ಕೇಳಿಸುತ್ತಿತ್ತು: ಗಾಬರಿಪಡುವಂಥದ್ದೇನೂ ಇಲ್ಲ ಅಂತ. ಇದು ನಾವೇ ಕಂಡುಹಿಡಿದ ಜಾಣತನವಲ್ಲ. ಅಮೆರಿಕದಲ್ಲಿ ಮೆಕಾರ್ಥಿ ಕಾಲದ ಕಮ್ಯುನಿಸ್ಟ್ ಬೇಟೆಯ ಬಗ್ಗೆ ಜಾರ್ಜ್ ಕ್ಲೂನಿ 2005ರಲ್ಲಿ ಮಾಡಿದ ಸಿನಿಮಾದಲ್ಲಿ ಸೆನೆಟರ್ ಮೆಕಾರ್ಥಿಯ ಪಾತ್ರಕ್ಕೆ ನಟನೇ ಇಲ್ಲ, ಹಳೆಯ ಟಿವಿ ತುಣುಕುಗಳಲ್ಲಿ ಆತನೇ ಬಂದು ಹೋಗುತ್ತಾನೆ. ಅಲ್ಲಿಂದ ಎತ್ತಿಕೊಂಡೆವು.

ಮೊದಲ ನಾಲ್ಕು ಪ್ರದರ್ಶನಗಳಲ್ಲಿ ಮೇಷ್ಟ್ರಾಗಿದ್ದವನು ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗೆಳೆಯ. ಸಾಧಾರಣ ಎತ್ತರ, ಸಾಧಾರಣ ಮುಖ. ಕೌಂಟರಿನಲ್ಲಿ ವರ್ಷಗಟ್ಟಲೆ ಕಂಡಿದ್ದರೂ ಸಂತೆಯಲ್ಲಿ ಎದುರಾದರೆ ಗುರುತಾಗದ ಆಸಾಮಿ. ಪೊಲೀಸರು ಅವನ ತೋಳು ಹಿಡಿದಾಗ ಸಭಾಂಗಣದಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಆದರೆ ಆ ಸಭಾಂಗಣದಲ್ಲಿ ಇದ್ದವರೇ ನೂರು, ನೂರಿಪ್ಪತ್ತು ಜನ. ಅದರಲ್ಲಿ ಅರ್ಧ ನಮ್ಮ ನೆಂಟರು. ಬೇರೆ ಊರಿನ ಸಂಘಟಕರಿಗೆ ಫೋನು ಮಾಡಿದರೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಾಟಕ ಚೆನ್ನಾಗಿರುತ್ತೆ ಬಿಡಿ. ಯಾರಿದಾರೆ?"

ಯಾರೂ ಇರಲಿಲ್ಲ. ಅದಕ್ಕೇ ಅವನು ಬಂದ.

ಅವನನ್ನು ಇಲ್ಲಿ ನಾಯಕ ಎಂದು ಕರೆಯುತ್ತೇನೆ. ನಮ್ಮ ತಂಡದಲ್ಲೇ ಹುಡುಗನಾಗಿದ್ದಾಗ ಪರದೆ ಎಳೆಯುತ್ತಿದ್ದವನು, ಆಮೇಲೆ ಬೆಂಗಳೂರಿಗೆ ಹೋಗಿ ಧಾರಾವಾಹಿಯೊಂದರಲ್ಲಿ ನಾಲ್ಕು ವರ್ಷದಿಂದ ಹಿರಿಮಗ. ಹಿರಿಯರ ಮಾತು ಮೀರದ, ತಂಗಿಯರ ಮದುವೆಗೆಂದು ತನ್ನ ಮದುವೆ ಮುಂದೂಡಿದ, ಯಾರು ಬೈದರೂ ತಲೆ ತಗ್ಗಿಸಿ ನಿಲ್ಲುವ ಮಗ. ಸಂಜೆ ಏಳೂವರೆಗೆ ಆ ಮುಖ ನಮ್ಮ ಜಿಲ್ಲೆಯ ಎಷ್ಟೋ ನಡುಮನೆಗಳಲ್ಲಿ ಇರುತ್ತದೆ. ಸಂಭಾವನೆ ಕೇಳಲಿಲ್ಲ. ಬಸ್ ಚಾರ್ಜು ಕೊಟ್ಟರೆ ಸಾಕು ಅಂದ. ಎರಡು ವಾರ ಶೂಟಿಂಗ್ ನಡುವೆ ಬಿಡುವು ಮಾಡಿಕೊಂಡು ತಾಲೀಮಿಗೆ ಬಂದ. ಕೆಟ್ಟ ನಟನಲ್ಲ, ಸೋಮಾರಿಯಲ್ಲ, ಜಂಬವಂತೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ಚರ್ಚೆಯಲ್ಲಿ ತಾರೆಯನ್ನು ಬೈದು ಮುಗಿಸುವುದು ಸುಲಭ. ನಮ್ಮ ಪ್ರಕರಣದಲ್ಲಿ ಅವನ ಕಡೆಯಿಂದ ಒಂದು ತಪ್ಪೂ ಆಗಲಿಲ್ಲ, ಆದರೂ ನಾಟಕ ಕೆಟ್ಟಿತು.

ಕೆಟ್ಟದ್ದು ಎಲ್ಲಿ

ಶಿಳ್ಳೆ ದೊಡ್ಡ ತೊಂದರೆ ಎಂದುಕೊಂಡಿದ್ದೆವು. ಅದು ಅರ್ಧ ನಿಮಿಷದ್ದು. ಅಸಲಿ ತೊಂದರೆಯನ್ನು ಮೊದಲು ಕಂಡವನು ಬೆಳಕಿನ ಹುಡುಗ. ವ್ಯಾನಿನಲ್ಲಿ ವಾಪಸ್ ಬರುವಾಗ ಹೇಳಿದ: "ಅಣ್ಣ, ಐದನೇ ಸೀನಲ್ಲಿ ಅಕ್ಕನ ಮೇಲೆ ಸ್ಪಾಟ್ ಹಾಕಿದ್ದೆ. ಒಬ್ಬರೂ ಅಕ್ಕನ್ನ ನೋಡ್ತಿರಲಿಲ್ಲ."

ಐದನೇ ದೃಶ್ಯದಲ್ಲಿ ಮೇಷ್ಟ್ರ ಹೆಂಡತಿ ಕಚೇರಿಯ ವರಾಂಡದಲ್ಲಿ ಕಾಯುತ್ತಾಳೆ. ರಂಗದ ಹಿಂಭಾಗದ ಎಡಮೂಲೆಯಲ್ಲಿ, ಮಬ್ಬಿನಲ್ಲಿ, ಜೈಲಿನಲ್ಲಿರುವ ಮೇಷ್ಟ್ರು ಬೆನ್ನು ತಿರುಗಿಸಿ ಕೂತಿರುತ್ತಾರೆ. ಬ್ಯಾಂಕ್ ಗೆಳೆಯ ಹಾಗೆ ಕೂತಾಗ ಅವನು ಇದ್ದಾನೆಂದೇ ಜನಕ್ಕೆ ಮರೆತುಹೋಗುತ್ತಿತ್ತು. ಹಾಗೆ ಮರೆಯುವುದೇ ನಾಟಕದ ಜೀವ. ಊರು ಒಬ್ಬನನ್ನು ಮರೆಯುತ್ತಿದೆ, ನೆನಪಿಟ್ಟುಕೊಂಡವಳು ಒಬ್ಬಳೇ ವರಾಂಡದಲ್ಲಿ ನಿಂತಿದ್ದಾಳೆ. ನಾಯಕ ಕೂತಾಗ ಇಡೀ ಸಭಾಂಗಣ ಆ ಬೆನ್ನನ್ನು ಕಾದು ಕೂತಿತು, ಯಾವಾಗ ತಿರುಗುತ್ತಾನೋ ಎಂದು. ಹೆಂಡತಿಯ ದೃಶ್ಯಗಳೆಲ್ಲ ಅವನ ಎರಡು ದೃಶ್ಯಗಳ ನಡುವಿನ ಜಾಹೀರಾತಿನಂತಾದವು.

ಇನ್ನೊಂದು. ಇವನು ಹೊರಗೆ ಬಂದೇ ಬರುತ್ತಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನಿಗೆ ಮೂರು ಸಲ ಅಪಘಾತವಾಗಿದೆ, ಒಂದು ಸಲ ನೆನಪು ಹೋಗಿದೆ. ಪ್ರತಿ ಸಲವೂ ಎದ್ದು ಬಂದಿದ್ದಾನೆ. ಜನ ತುರ್ತು ಪರಿಸ್ಥಿತಿಯನ್ನೂ ಅದೇ ಸಾಲಿಗೆ ಸೇರಿಸಿಕೊಂಡರು.

ಮೊದಲ ತೇಪೆಗಳು

ಎರಡನೇ ಪ್ರದರ್ಶನಕ್ಕೆ ಅವನನ್ನು ಕತ್ತಲಲ್ಲಿ, ಬೆನ್ನು ಕೊಟ್ಟು ಪ್ರವೇಶ ಮಾಡಿಸಿದೆವು. ಶಿಳ್ಳೆ ಬಂತು, ಸ್ವಲ್ಪ ತಡವಾಗಿ. ಪೋಸ್ಟರಿನಿಂದ ಅವನ ಹೆಸರು ತೆಗೆದೆವು. ಆ ಊರಿನ ಸಂಘಟಕರು ಧಾರಾವಾಹಿಯ ಫೋಟೋ ಹಾಕಿ ಬಸ್ ಸ್ಟ್ಯಾಂಡ್ ಎದುರು ಹತ್ತಡಿಯ ಫ್ಲೆಕ್ಸ್ ಕಟ್ಟಿದ್ದರು. ಕೆಳಗೆ ಸಣ್ಣಕ್ಷರದಲ್ಲಿ "ತುರ್ತು ಪರಿಸ್ಥಿತಿಯ ಕರಾಳ ಕಥನ". ಪಕ್ಕದಲ್ಲಿ ಅವನ ನಗುಮುಖ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು, ಅದಕ್ಕೆ ನಾನೂ ಹೂಂಗುಟ್ಟಿದ್ದೆ. ಗುರುತು ಅಳಿಸಬೇಕಾದರೆ ಹಿಂಸೆ ಹೆಚ್ಚಿಸೋಣ ಎಂದುಕೊಂಡೆವು. ಜೈಲಿನ ಎರಡನೇ ದೃಶ್ಯಕ್ಕೆ ಪೊಲೀಸರ ಹೊಡೆತ ಸೇರಿಸಿದೆವು. ಆಧಾರವಿಲ್ಲದ ಕಲ್ಪನೆಯೇನಲ್ಲ. 1976ರ ಮೇನಲ್ಲಿ ಬೆಂಗಳೂರಿನಲ್ಲೇ, ಆಗ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಎಳೆದೊಯ್ದು, ಅಣ್ಣ ಎಲ್ಲಿದ್ದಾನೆ ಹೇಳು ಎಂದು ನಡೆಯಲಾಗದಂತೆ ಬಡಿದಿದ್ದರು. ನಾಯಕ ಆ ದೃಶ್ಯಕ್ಕೆ ಜೀವ ತೇಯ್ದ. ಮೊಣಕಾಲ ಮೇಲೆ ಬೀಳುತ್ತಿದ್ದ, ತೊದಲುತ್ತಿದ್ದ, ಬಾಯಿಂದ ಜೊಲ್ಲು ಸುರಿಸುತ್ತಿದ್ದ. ಬೆಳಕು ಆರಿತು.

ಚಪ್ಪಾಳೆ. ಒಬ್ಬರು ಎದ್ದು ನಿಂತು ತಟ್ಟಿದರು. ಅವರಿಗೆ ಹೊಡೆತ ತಿಂದ ಮೇಷ್ಟ್ರು ಕಾಣಲಿಲ್ಲ, ಹೊಡೆತ ತಿನ್ನುವುದನ್ನು ಇಷ್ಟು ಚೆನ್ನಾಗಿ ಮಾಡಿದ ತಮ್ಮ ಹುಡುಗ ಕಂಡ. ನಿರ್ದೇಶಕಿ ವಿಂಗಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ. ಪ್ರಾಂಪ್ಟ್ ಪುಸ್ತಕ ಮುಚ್ಚಿ ಸ್ಟೂಲಿನ ಮೇಲಿಟ್ಟು ಹೊರಗೆ ಹೋದರು.

ಎರಡು ಅಪ್ಪಂದಿರು

ಮರುವಾರ ತಾಲೀಮು ನಡೆಯಲಿಲ್ಲ, ಜಗಳ ನಡೆಯಿತು. ನಿರ್ದೇಶಕಿಯ ಪ್ರಕಾರ ಇಂಥ ಕಥೆಗೆ ಕಂಡ ಮುಖ ಬರಲೇಬಾರದು. ಅವರು ತೋರಿಸಿದ್ದು ಶಾಜಿ ಎನ್. ಕರುಣ್ ಅವರ 'ಪಿರವಿ'. ತುರ್ತು ಪರಿಸ್ಥಿತಿಯಲ್ಲಿ ಕ್ಯಾಲಿಕಟ್ಟಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್ ಪೊಲೀಸರ ಕೈಯಲ್ಲಿ ಕಾಣೆಯಾದ, ಅವನ ಅಪ್ಪ ಈಚರ ವಾರಿಯರ್ ವರ್ಷಗಟ್ಟಲೆ ಹುಡುಕಿದರು. ಆ ಘಟನೆಯ ನೆರಳಿನಲ್ಲಿ ಹುಟ್ಟಿದ ಚಿತ್ರ. ಬಾರದ ಮಗನಿಗಾಗಿ ಕಾಯುವ ಮುದಿ ಅಪ್ಪನಾಗಿ ರಂಗಭೂಮಿಯ ಹಿರಿಯ ಪ್ರೇಂಜಿ ಇದ್ದಾರೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬಸ್ಸಿನ ಕಡೆ ನೋಡುತ್ತ ನಿಂತ ಆ ಮುಖದಲ್ಲಿ ನಮಗೆ ಇನ್ಯಾವ ಸಿನಿಮಾವೂ ನೆನಪಾಗುವುದಿಲ್ಲ.

ನಾನು ಎದುರಿಗಿಟ್ಟದ್ದು ಕೋಸ್ಟಾ ಗಾವ್ರಾಸ್‌ನ 1982ರ 'ಮಿಸ್ಸಿಂಗ್'. ಇಲ್ಲೂ ಮಗನನ್ನು ಹುಡುಕುವ ಅಪ್ಪನೇ. 1973ರಲ್ಲಿ ಚಿಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಕೊಲೆಯಾದ ಅಮೆರಿಕದ ಯುವಕ ಚಾರ್ಲ್ಸ್ ಹಾರ್ಮನ್‌ನ ನಿಜ ಪ್ರಕರಣ. ಅಪ್ಪನ ಪಾತ್ರಕ್ಕೆ ಹಾಕಿದ್ದು ಜ್ಯಾಕ್ ಲೆಮನ್‌ನನ್ನು, ದಶಕಗಳ ಕಾಲ ಅಮೆರಿಕವನ್ನು ನಗಿಸಿದ ನಟ. ಆ ಮುಖ ಅಲ್ಲಿ ಚಿತ್ರವನ್ನು ಕೆಡಿಸುವುದಿಲ್ಲ. ತನ್ನ ಸರ್ಕಾರ ಸುಳ್ಳು ಹೇಳುವುದಿಲ್ಲ ಎಂದು ನಂಬಿ ವಿಮಾನ ಇಳಿಯುವ ಸಭ್ಯ ಗೃಹಸ್ಥ ಅವನು. ನೋಡುವವರಿಗೂ ಅವನು ಪರಿಚಿತ, ಮನೆಯವನಂತೆ. ಅವನ ನಂಬಿಕೆ ಕುಸಿದಾಗ ಅವರದ್ದೂ ಜೊತೆಗೇ ಕುಸಿಯುತ್ತದೆ.

ಒಂದೇ ಬಗೆಯ ಅಪ್ಪ, ಒಂದು ಕಡೆ ಕಾಣದ ಮುಖ, ಇನ್ನೊಂದು ಕಡೆ ಕಂಡ ಮುಖ, ಎರಡೂ ಕೆಲಸ ಮಾಡುತ್ತವೆ. ಹಾಗಾದರೆ ತಾರೆ ಬೇಕೋ ಬೇಡವೋ ಎಂಬ ನಮ್ಮ ಪ್ರಶ್ನೆಯೇ ದಾರಿ ತಪ್ಪಿತ್ತು. ಲೆಮನ್ ಕಾಣೆಯಾದವನಾಗಿರಲಿಲ್ಲ ಎಂಬುದನ್ನು ನಾವು ಗಮನಿಸಿಯೇ ಇರಲಿಲ್ಲ. ಕಾಣೆಯಾಗುವವನ ಜಾಗದಲ್ಲಿ ತಾರೆಯನ್ನು ಕೂರಿಸಿದರೆ ಅವನು ಕಾಣೆಯಾಗುವುದೇ ಇಲ್ಲ, ಕಣ್ಣು ಅವನನ್ನು ಬಿಡುವುದಿಲ್ಲ. ನಂಬುವವನ, ವಿಧೇಯನ, ಸಹಿ ಹಾಕುವವನ ಜಾಗಕ್ಕೆ ಕೂರಿಸಿದರೆ?

ಮೂಲೆಯಲ್ಲಿ ಕೂತು ಟೀ ಕುಡಿಯುತ್ತಿದ್ದ ನಾಯಕನೇ ಮೊದಲು ಬಾಯಿಬಿಟ್ಟ. "ಅಕ್ಕ, ನನಗೆ ಟೈಪಿಸ್ಟ್ ಕೊಟ್ಬಿಡಿ."

ನಿರ್ದೇಶಕಿ ಅವನನ್ನೇ ನೋಡಿದರು. "ಸಣ್ಣ ಪಾತ್ರ ಕಣೋ ಅದು. ಇಪ್ಪತ್ತು ನಿಮಿಷ ಇಲ್ಲ."

"ಸೀರಿಯಲ್ಲಲ್ಲಿ ನಾನು ಮಾಡ್ತಿರೋದೂ ಅದೇ ಅಲ್ವಾ? ಹೇಳಿದ್ದಕ್ಕೆಲ್ಲ ಹೂಂ ಅನ್ನೋದು."

ನಾಲ್ಕು ವರ್ಷ ದಿನಾ ಮಾಡಿದ ಪಾತ್ರದ ಬಗ್ಗೆ ಅವನು ಅಷ್ಟು ನಿಚ್ಚಳವಾಗಿ ಯೋಚಿಸಿರಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಟೈಪ್‌ರೈಟರ್

ಬ್ಯಾಂಕ್ ಗೆಳೆಯ ಮತ್ತೆ ಮೇಷ್ಟ್ರಾದ. ಹೊಡೆತದ ದೃಶ್ಯ ಕಿತ್ತೆವು. ಗುಜರಿಯಿಂದ ಒಂದು ರೆಮಿಂಗ್ಟನ್ ತಂದು ರಿಬ್ಬನ್ ಹಾಕಿಸಿದೆ. ನಿವೃತ್ತ ಗುಮಾಸ್ತರೊಬ್ಬರು ಮೂರು ಸಂಜೆ ಕೂತು ನಾಯಕನಿಗೆ ಪಾಠ ಹೇಳಿದರು: ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡುವುದು, ರೋಲರಿಗೆ ತೂರಿಸಿ ತಿರುಗಿಸುವುದು, ವಾರೆಯಾಗಿದ್ದರೆ ಸಡಿಲಿಸಿ ಮತ್ತೆ ಸರಿಪಡಿಸುವುದು. "ಕಾರ್ಬನ್ ತಿರುವುಮುರುವು ಇಟ್ಟರೆ ಸಾಹೇಬರ ಬೈಗುಳ ಖಂಡಿತ" ಎಂದು ನಕ್ಕರು.

ಮೊದಲ ಪ್ರದರ್ಶನದಲ್ಲಿ ಶಿಳ್ಳೆ ಬಂತು, ಬರಲಿ ಎಂದೇ ಬಿಟ್ಟಿದ್ದೆವು. ನಾಯಕ ಟಿಫಿನ್ ಕ್ಯಾರಿಯರ್ ಹಿಡಿದು ಅಕ್ಕನ ಮನೆಗೆ ನಗುತ್ತ ಬರುತ್ತಾನೆ, ಅಕ್ಕನ ಮಗಳ ತಲೆ ಸವರುತ್ತಾನೆ. ಜನ ಖುಷಿಪಟ್ಟರು, ಏಳೂವರೆಯ ಹುಡುಗ ಬಂದ. ಮುಂದಿನ ದೃಶ್ಯ ಕಚೇರಿ. ಸಾಹೇಬರು ಒಂದು ಚೀಟಿ ಕೊಟ್ಟು ಹೋಗುತ್ತಾರೆ. ಅವನು ಹಾಳೆ ಜೋಡಿಸುತ್ತಾನೆ, ಕುಟ್ಟುತ್ತಾನೆ, ತೂರಿಸುತ್ತಾನೆ. ಟಪಟಪ ಶುರುವಾಗುತ್ತದೆ. ಚೀಟಿ ನೋಡುತ್ತಾನೆ. ಕೈ ನಿಲ್ಲುತ್ತದೆ.

ಅಷ್ಟು ಹೊತ್ತಿಗೆ ಆ ಹೆಸರು ಯಾರದೆಂದು ಎಲ್ಲರಿಗೂ ಗೊತ್ತು. ಹಿಂದಿನ ಸಾಲಿನಿಂದ ಒಂದು ದನಿ, ಮೆಲ್ಲಗೆ, "ಬೇಡ". ಅವನು ರೋಲರ್ ಸಡಿಲಿಸಿ, ವಾರೆಯಾಗಿದ್ದ ಹಾಳೆ ನೇರ ಮಾಡಿ, ಒಂದೊಂದೇ ಅಕ್ಷರವಾಗಿ ಹೆಸರು ಹೊಡೆದ.

ಮೊಬೈಲುಗಳು ಕೆಳಗಿಳಿದಿದ್ದವು.

ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಗಳಿಗೆ. ಸುಪ್ರೀಂ ಕೋರ್ಟಿನ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಎಂ.ಎಚ್. ಬೇಗ್ ಒಂದು ಮಾತು ಬರೆದಿದ್ದಾರೆ: ಬಂಧಿತರ ಬಗ್ಗೆ ಸರ್ಕಾರ ತೋರುತ್ತಿರುವ ಕಾಳಜಿ ಹೆಚ್ಚುಕಡಿಮೆ ತಾಯಿಯಂಥದ್ದು ಎಂದು. ನಾಟಕದಲ್ಲಿ ತಮ್ಮ ಪೇಪರ್ ಹಿಡಿದು ಅಕ್ಕನಿಗೆ ಸಮಾಧಾನ ಹೇಳುತ್ತಾನೆ: "ಒಳಗಿರೋರನ್ನ ತಾಯಿ ನೋಡ್ಕೊಂಡ ಹಾಗೆ ನೋಡ್ಕೋತಾರಂತೆ ಅಕ್ಕ, ಜಡ್ಜೇ ಬರೆದಿದಾರೆ." ಹಳೆಯ ಪಾತ್ರವರ್ಗದಲ್ಲಿ ಈ ಮಾತಿಗೆ ಜನ ಕೊಂಕು ನಗೆ ನಗುತ್ತಿದ್ದರು. ನಾಯಕ ಅದೇ ಹಿರಿಮಗನ ಬೆಚ್ಚನೆ ದನಿಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಂದಿಬ್ಬರು ಹೆಂಗಸರು ತಲೆಯಾಡಿಸಿದರು. ಒಂದು ಕ್ಷಣ ಅವರು ನಂಬಿದರು. ಅಕ್ಕ ಏನೂ ಹೇಳದೆ ಅವನನ್ನೇ ನೋಡಿದಾಗ ಆ ತಲೆಗಳು ನಿಂತವು. ಆ ಕಾಲದಲ್ಲಿ ಲಕ್ಷಾಂತರ ಜನ ಹೇಗೆ ಸುಮ್ಮನಿದ್ದರು ಎಂದು ಎಷ್ಟು ಭಾಷಣ ಮಾಡಿದರೂ ಗೊತ್ತಾಗದ್ದು ಆ ತಲೆಯಾಟದಲ್ಲಿ ಗೊತ್ತಾಯಿತು. ಅಪರಿಚಿತ ನಟನಿಂದ ಇದು ಆಗುತ್ತಿರಲಿಲ್ಲ. ಅವನನ್ನು ನಂಬುವುದಕ್ಕೆ ಜನಕ್ಕೆ ನಾಲ್ಕು ವರ್ಷದ ಅಭ್ಯಾಸ ಬೇಕಿತ್ತು.

ಹಿರಿಯರ ತಕರಾರು

ಗೆದ್ದೆವು ಎಂದುಕೊಂಡಿದ್ದಾಗ ಮೂರನೇ ಪ್ರದರ್ಶನಕ್ಕೆ ಎಂಬತ್ತು ದಾಟಿದ ಒಬ್ಬರು ಬಂದರು. ಸ್ವತಃ ಮೀಸಾ ಬಂದಿ, ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದವರು. ನಾಟಕದ ನಂತರ ಅರ್ಧ ಗಂಟೆ ಚರ್ಚೆ ಇಟ್ಟಿದ್ದೆವು. ಎದ್ದವರೆಲ್ಲ ಟೈಪಿಸ್ಟನ ಬಗ್ಗೆಯೇ ಮಾತಾಡಿದರು. ಪಾಪ, ಅವನೇನು ಮಾಡ್ತಾನೆ. ಹೊಟ್ಟೆಪಾಡು. ಕೊನೆಯಲ್ಲಿ ಅಕ್ಕನ ಕಾಲ ಬಳಿ ಕೂತು ಅಳ್ತಾನಲ್ಲ, ಕರುಳು ಕಿತ್ತು ಬಂತು.

ಹಿರಿಯರು ಕೋಲೂರಿ ಎದ್ದರು. "ನನಗೊಂದು ಸಂಶಯ. ಈ ನಾಟಕ ಮೇಷ್ಟ್ರದ್ದೋ, ಟೈಪಿಸ್ಟ್‌ದೋ?"

ಯಾರೂ ಉತ್ತರಿಸಲಿಲ್ಲ. ಅವರು ಮುಂದುವರಿಸಿದರು, ನಿಧಾನಕ್ಕೆ. ಬೆಂಗಳೂರು ಜೈಲು ಅಂದರೆ ಇವತ್ತಿಗೂ ಜನ ಹೇಳುವುದು ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಂತ. ಜೈಲಿಗೂ ನೀವು ಸ್ಟಾರುಗಳನ್ನೇ ಇಟ್ಟುಕೊಂಡಿದ್ದೀರಿ. ನಮ್ಮ ಬ್ಯಾರಕ್ಕಿನಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದ, ಅವನ ಹೆಸರು ನನಗೇ ಮರೆತಿದೆ.

ಆಮೇಲೆ ಅವರು ಹೇಳಿದ್ದು ನಮ್ಮ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. "ಕಂಡ ಮುಖ ಕೈದಿಯಾಗೋಕೆ ಆಗಲ್ಲ ಅಂತ ನಿಮ್ಮ ಡೈರೆಕ್ಟರು ಹೇಳಿದ್ರು. ಸ್ನೇಹಲತಾ ರೆಡ್ಡಿ?"

ಗೊತ್ತಿರಬೇಕಿತ್ತು ನಮಗೆ. 'ಸಂಸ್ಕಾರ'ದ ಚಂದ್ರಿ. 1970ರ ಆ ಚಿತ್ರದಲ್ಲಿ ಪೇಟೆಯ ತಾರೆಯರು ಒಬ್ಬರೂ ಇರಲಿಲ್ಲ. ಗಿರೀಶ ಕಾರ್ನಾಡ್, ಲಂಕೇಶ್, ಮದರಾಸಿನ ರಂಗಭೂಮಿಯಿಂದ ಬಂದ ಸ್ನೇಹಲತಾ. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ, ಕನ್ನಡದ ಓದುಬರಹದ ಜಗತ್ತಿಗೆ ಆಕೆಯದು ಕಂಡ ಮುಖವೇ. ಜಬಲ್ಪುರ ಪ್ರಕರಣದ ಆ ತೀರ್ಪು ಬಂದ ನಾಲ್ಕು ದಿನಕ್ಕೆ, 1976ರ ಮೇ 2ರಂದು ಅವರನ್ನು ಬಂಧಿಸಿದರು. ಫರ್ನಾಂಡಿಸ್ ಮತ್ತಿತರರು ಸ್ಫೋಟಕ್ಕೆ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮೀಸಾದಡಿ ಎಂಟು ತಿಂಗಳು. ಮೊದಲಿಂದಲೂ ಅಸ್ತಮಾ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೋಣೆಯಿಂದ ಚೀರಾಟ ಕೇಳಿಸುತ್ತಿತ್ತು ಎಂದು ದಂಡವತೆ ಬರೆದುಕೊಂಡಿದ್ದಾರೆ. ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಕೊಟ್ಟರು. 18ಕ್ಕೆ ಚುನಾವಣೆ ಘೋಷಣೆಯಾಯಿತು. 20ಕ್ಕೆ ಅವರು ತೀರಿಕೊಂಡರು.

ಆ ಭಾನುವಾರ ಇಡೀ ತಂಡ ಬೆಂಗಳೂರಿಗೆ ಹೋಗಿ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಹಳೆಯ ಸೆಂಟ್ರಲ್ ಜೈಲು ಅದೇ. ನಡುವೆ ಕಾವಲು ಗೋಪುರ, ಸುತ್ತ ಉಳಿಸಿಕೊಂಡ ಬ್ಯಾರಕ್ಕುಗಳು. ಜನ ಊಟದ ಡಬ್ಬಿ ಬಿಚ್ಚಿ ಕೂತಿದ್ದರು, ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ನಾಯಕನನ್ನು ಇಬ್ಬರು ಗುರುತಿಸಿ ಸೆಲ್ಫಿ ಕೇಳಿದರು. ಬ್ಯಾರಕ್ಕಿನ ಕಂಬಿಯ ಮುಂದೆಯೇ ನಿಂತುಕೊಳ್ಳಿ ಸಾರ್, ಬ್ಯಾಕ್‌ಗ್ರೌಂಡ್ ಚೆನ್ನಾಗಿದೆ ಅಂದರು. ಅವನು ನಿಂತ.

ವಾಪಸ್ ಬರುವಾಗ ನಿರ್ದೇಶಕಿ ಎರಡು ನಿರ್ಧಾರ ಹೇಳಿದರು. ಜೈಲಿನ ದೃಶ್ಯಗಳಲ್ಲಿ ಇನ್ನು ಮೇಷ್ಟ್ರು ಕಾಣುವುದಿಲ್ಲ, ಕತ್ತಲು ಮತ್ತು ಕೆಮ್ಮು ಮಾತ್ರ. ಮತ್ತು ಟೈಪಿಸ್ಟ್ ಅಕ್ಕನ ಕಾಲ ಬಳಿ ಅಳುವ ದೃಶ್ಯ ಇರುವುದಿಲ್ಲ.

ಎರಡನೆಯದಕ್ಕೆ ನಾಯಕ ಮೊದಲ ಸಲ ಮುನಿಸಿಕೊಂಡ. "ಅದೊಂದೇ ನನ್ನ ಸೀನು ಅಕ್ಕ. ಅದೂ ಇಲ್ಲ ಅಂದ್ರೆ ನಾನು ಟೈಪ್ ಹೊಡೆದು ಹೋಗೋಕೆ ಬರಬೇಕಾ?"

"ಹೌದು. ಅವನು ಅಷ್ಟೇ ಮಾಡಿದ್ದು."

ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ತಾಲೀಮಿಗೆ ಬಂದ. ಹೊಸ ಕೊನೆ ಹೀಗಿತ್ತು: ಅಕ್ಕನಿಗೆ ವಿಷಯ ಗೊತ್ತಾಗಿದೆ. ಅವನು ಎಂದಿನಂತೆ ಕ್ಯಾರಿಯರ್ ಹಿಡಿದು ಬರುತ್ತಾನೆ. ಅವಳು ತೆಗೆದುಕೊಳ್ಳುತ್ತಾಳೆ. ಹಿಂದಿನ ದಿನದ ಖಾಲಿ ಕ್ಯಾರಿಯರ್ ವಾಪಸ್ ಕೊಡುವುದಿಲ್ಲ. ಅವನು ಕೈ ಚಾಚಿಕೊಂಡು ನಿಂತಿರುತ್ತಾನೆ. ಅವಳು ಒಳಗೆ ಹೋಗುತ್ತಾಳೆ. ಕತ್ತಲಲ್ಲಿ ಒಂದು ಕೆಮ್ಮು. ಅವನು ಅಳಲು ಬಾಯಿ ತೆರೆಯುವಷ್ಟರಲ್ಲಿ ಬೆಳಕು ಹೋಗುತ್ತದೆ.

ಏನಾಯಿತು

ಈ ರೂಪದಲ್ಲಿ ನಾಲ್ಕು ಪ್ರದರ್ಶನ. ನಾಲ್ಕೂ ತುಂಬಿದ್ದವು, ಅದು ನಾಯಕನ ದೆಸೆಯಿಂದ, ಅನುಮಾನ ಬೇಡ. ಒಂದು ಊರಿನ ಸಂಘಟಕರು ಸಿಟ್ಟಾದರು: ಫ್ಲೆಕ್ಸ್ ನೋಡಿ ಬಂದವರಿಗೆ ಅವನು ಇಪ್ಪತ್ತು ನಿಮಿಷ ಕಂಡರೆ ನಾವು ಏನು ಹೇಳೋಣ ಎಂದರು. ಕೆಲವರು ಟಿಕೆಟ್ ಹಣ ವಾಪಸ್ ಕೇಳಿದರಂತೆ. ಚರ್ಚೆಗಳಲ್ಲಿ "ಪಾಪ" ಎಂಬ ಮಾತು ಪೂರ್ತಿ ನಿಲ್ಲಲಿಲ್ಲ, ಆದರೆ ಅದಕ್ಕೆ ಎದುರು ಮಾತು ಹುಟ್ಟಿತು. ಒಂದು ಕಡೆ ಗಂಡ ಹೆಂಡತಿಯೇ ಸಭೆಯಲ್ಲಿ ವಾದಕ್ಕಿಳಿದರು, ಅವನು ರಜೆ ಹಾಕಿ ಮನೆಗೆ ಹೋಗಬಹುದಿತ್ತು ಎಂದು ಆಕೆ, ಬೇರೆಯವನು ಟೈಪ್ ಮಾಡುತ್ತಿದ್ದ ಎಂದು ಈತ.

ಇದೇ ದಾರಿ ಹಿಡಿಯುವವರಿಗೆ ನಾನು ಹೇಳಬಹುದಾದದ್ದು ಸ್ವಲ್ಪವೇ. ಪಾತ್ರ ಹಂಚುವ ಮೊದಲು, ನೋಡುವವರಿಗೆ ಆ ನಟನ ಬಗ್ಗೆ ಈಗಾಗಲೇ ಏನು ನಂಬಿಕೆ ಇದೆ ಎಂದು ಕೇಳಿಕೊಳ್ಳಿ. ನಾವು ಕೇಳಿಕೊಂಡದ್ದು ಆರು ಪ್ರದರ್ಶನ ಕೈಬಿಟ್ಟ ಮೇಲೆ. ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ವಿಂಗಿನಲ್ಲಿ ನಿಂತು ಬರೆದಿಟ್ಟುಕೊಳ್ಳಿ. ಹೊಡೆತದ ದೃಶ್ಯದ ಮೇಲೆ ಬಿದ್ದರೆ ಆ ದೃಶ್ಯ ತೆಗೆಯಿರಿ, ಎಷ್ಟೇ ಚೆನ್ನಾಗಿದ್ದರೂ. ತಾರೆ ಬೇಡವೇ ಬೇಡ ಎನ್ನುವ ಶುದ್ಧಿಯ ವಾದವನ್ನು ನಾನೀಗ ಒಪ್ಪುವುದಿಲ್ಲ. ನೂರಿಪ್ಪತ್ತು ಜನರೆದುರು ಶುದ್ಧವಾಗಿ ಮಾಡಿದ ನಾಟಕದಲ್ಲಿ ಯಾರೂ ಹಿಂದಿನ ಸಾಲಿನಿಂದ "ಬೇಡ" ಎಂದಿರಲಿಲ್ಲ. ಆದರೆ ಮೇಷ್ಟ್ರ ಪಾತ್ರವನ್ನು ಮತ್ತೆ ಅವನಿಗೆ ಕೊಡುತ್ತೇವೆಯೇ ಎಂದರೆ, ಇಲ್ಲ. ಸ್ನೇಹಲತಾ ಅವರ ವಿಷಯದಲ್ಲಿ ಹಿರಿಯರು ಎತ್ತಿದ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಕಂಡ ಮುಖವನ್ನು ಕಾಣದಂತೆ ಮಾಡುವುದು ಒಂದು ಸರ್ಕಾರಕ್ಕೆ ಸಾಧ್ಯವಾಯಿತು, ನಮ್ಮ ಬೆಳಕಿನ ಹುಡುಗನಿಗೆ ಆಗಲಿಲ್ಲ.

ಕೊನೆಯ ಪ್ರದರ್ಶನ ಮುಗಿದಾಗ ಗ್ರೀನ್ ರೂಮಿನ ಬಾಗಿಲಿನಿಂದ ಗೇಟಿನ ತನಕ ಸೆಲ್ಫಿಯ ಸಾಲು, ಎಂದಿನಂತೆ. ನಾಯಕ ಟೈಪಿಸ್ಟನ ಅಂಗಿಯಲ್ಲೇ ನಿಂತು ನಗುತ್ತಿದ್ದ. ಬ್ಯಾಂಕ್ ಗೆಳೆಯ ಟೈಪ್‌ರೈಟರಿನ ಸ್ಟೂಲು ಹೊತ್ತುಕೊಂಡು ಅದೇ ಬಾಗಿಲಿನಿಂದ ಹೊರಗೆ ಬಂದ, ಮೇಷ್ಟ್ರ ಟವೆಲ್ ಇನ್ನೂ ಹೆಗಲ ಮೇಲೆಯೇ ಇತ್ತು. "ಸ್ವಲ್ಪ ದಾರಿ ಬಿಡ್ರಪ್ಪ" ಅಂದ. ಮೊಬೈಲ್ ಎತ್ತಿ ಹಿಡಿದವರೊಬ್ಬರು ಫ್ರೇಮಿಗೆ ಅಡ್ಡ ಬಂದನೆಂದು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಅವನು ಸರಿದು, ಸಾಲಿನ ಹಿಂದಿನಿಂದ ಸುತ್ತು ಹಾಕಿಕೊಂಡು ವ್ಯಾನಿನ ಕಡೆ ಹೋದ.